ಕ್ಯಾಲಿಫೋರ್ನಿಯಾದ ಒಣಗಾಳಿ, ಕಾಡ್ಗಿಚ್ಚು ಮತ್ತು ಹೊಗೆ: ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೊಂದು ಕೈಪಿಡಿ

2018ರ ನವೆಂಬರ್ 8 ಬಲಿಪಾಡ್ಯಮಿ. ಆ ಬೆಳಿಗ್ಗೆ ಉತ್ತರ ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯಲ್ಲಿ ವಿದ್ಯುತ್ ಮಾರ್ಗವೊಂದರಿಂದ ಹೊತ್ತಿಕೊಂಡ ಬೆಂಕಿ, ಜೋರಾದ ಒಣಗಾಳಿಯ ಬೆನ್ನೇರಿ ಕೆಲವೇ ಗಂಟೆಗಳಲ್ಲಿ ಪ್ಯಾರಡೈಸ್ ಎಂಬ ಊರಿನ ಬಹುಭಾಗವನ್ನು ಸುಟ್ಟುಹಾಕಿತು. 85 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು 65 ವರ್ಷ ದಾಟಿದ ಹಿರಿಯರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅಲ್ಲಿಂದ 150 ಮೈಲಿಗೂ ದೂರದಲ್ಲಿರುವ, ಕನ್ನಡ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆ ಮೊದಲಾದ ಊರುಗಳಲ್ಲಿ ಒಂದು ಮನೆಗೂ ಬೆಂಕಿ ತಗುಲಲಿಲ್ಲ. ಆದರೆ ಸುಮಾರು ಎರಡು ವಾರ, ನವೆಂಬರ್ ಮೂರನೆಯ ವಾರದಲ್ಲಿ ಮಳೆ ಬೀಳುವವರೆಗೆ, ಹೊಗೆ ಅಲ್ಲಿ ನೆಲೆ ನಿಂತಿತು ಮತ್ತು ಶಾಲೆಗಳನ್ನು ಮುಚ್ಚಬೇಕಾಯಿತು.

ಒಂದೇ ಬೆಂಕಿ ಹೀಗೆ ಇಬ್ಬಗೆಯ ಅಪಾಯಗಳನ್ನು ತಂದಿತು, ಮತ್ತು ಅವೆರಡಕ್ಕೂ ಪರಿಹಾರ ಒಂದಕ್ಕೊಂದು ವಿರುದ್ಧವಾದದ್ದು. ಬೆಂಕಿ ಹತ್ತಿರದಲ್ಲಿದ್ದರೆ ಮನೆ ಬಿಟ್ಟು ಬೇಗ ಹೊರಡಬೇಕು. ದೂರದ ಬೆಂಕಿಯ ಹೊಗೆ ಮಾತ್ರ ಬಂದಿದ್ದರೆ ಬಾಗಿಲು ಕಿಟಕಿ ಮುಚ್ಚಿ ಒಳಗೇ ಇರಬೇಕು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದರಿಂದಲೇ, ಅಂದರೆ ಬೆಂಕಿ ಬರುತ್ತಿರುವಾಗ ಮನೆಯೊಳಗೆ ಕಾದು ಕೂರುವುದರಿಂದ ಅಥವಾ ದಟ್ಟ ಹೊಗೆಯಲ್ಲಿ ಎಂದಿನಂತೆ ಓಡಾಡುವುದರಿಂದ, ಹೆಚ್ಚಿನ ಹಾನಿಯಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ವಿವರಿಸಿದ್ದೇನೆ.

ಗಾಳಿಯನ್ನು ಮೊದಲು ಗಮನಿಸಿ

ಕರ್ನಾಟಕದಿಂದ ಹೋದವರ ಮನಸ್ಸಿನಲ್ಲಿ ಕಾಡ್ಗಿಚ್ಚಿನ ಚಿತ್ರ ಬೇರೆಯೇ ಇರುತ್ತದೆ. ಶಿವರಾತ್ರಿಯ ಆಸುಪಾಸಿನಿಂದ ಮುಂಗಾರಿನ ಮೊದಲ ಮಳೆಯವರೆಗೆ ನಮ್ಮ ಕಾಡುಗಳಲ್ಲಿ ಹಬ್ಬುವ ಬೆಂಕಿ ಬಹುಮಟ್ಟಿಗೆ ತರಗೆಲೆ, ಒಣಹುಲ್ಲು ಮತ್ತು ಲಂಟಾನದ ಪೊದೆಗಳನ್ನು ಸುಡುತ್ತಾ ನೆಲದ ಮೇಲೆ ಸಾಗುವಂಥದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದಾಗಲೂ ಬೆಂಕಿ ಪಟ್ಟಣಗಳೊಳಗೆ ನುಗ್ಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಋತುಚಕ್ರವೇ ಅದಲುಬದಲಾಗಿದೆ. ಅಲ್ಲಿ ಮಳೆ ಚಳಿಗಾಲದ್ದು. ಬೇಸಿಗೆಯುದ್ದಕ್ಕೂ ಹನಿ ನೀರು ಕಾಣದ ಹುಲ್ಲು ಮತ್ತು ಕುರುಚಲು ಗಿಡಗಳು ಸೆಪ್ಟೆಂಬರ್ ಹೊತ್ತಿಗೆ ಅತ್ಯಂತ ಒಣಗಿರುತ್ತವೆ, ಮತ್ತು ಚಳಿಗಾಲದ ಮಳೆ ಶುರುವಾಗುವ ಮುನ್ನವೇ ಜೋರುಗಾಳಿಯ ಕಾಲ ಆರಂಭವಾಗುತ್ತದೆ. ನವರಾತ್ರಿಯಿಂದ ದೀಪಾವಳಿಯವರೆಗಿನ ವಾರಗಳು ಅಲ್ಲಿ ಅತಿ ಎಚ್ಚರದ ವಾರಗಳು. ದಕ್ಷಿಣದ ಲಾಸ್ ಏಂಜಲಿಸ್ ಕಡೆ ಮಳೆ ತಡವಾದರೆ ಈ ಅಪಾಯ ಸಂಕ್ರಾಂತಿಯವರೆಗೂ ಎಳೆಯುತ್ತದೆ; ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಹೊತ್ತಿಕೊಂಡದ್ದು 2025ರ ಜನವರಿ 7ರಂದು.

ಆ ಗಾಳಿಗೆ ಉತ್ತರದಲ್ಲಿ ಡಿಯಾಬ್ಲೋ ಎಂದೂ ದಕ್ಷಿಣದಲ್ಲಿ ಸಾಂಟಾ ಆನಾ ಎಂದೂ ಹೆಸರು. ನೆವಾಡಾ, ಯೂಟಾ ಕಡೆಯ ಎತ್ತರದ ಒಣನೆಲದ ಮೇಲೆ ವಾಯುಭಾರ ಹೆಚ್ಚಾದಾಗ ಗಾಳಿಯು ಎಂದಿನಂತೆ ಸಮುದ್ರದಿಂದ ಬೀಸುವ ಬದಲು ಒಳನಾಡಿನಿಂದ ಸಮುದ್ರದ ಕಡೆಗೆ ಬೀಸುತ್ತದೆ, ಬೆಟ್ಟಗಳಿಂದ ಕೆಳಗಿಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮತ್ತು ಬಿಸಿಯಾದಷ್ಟೂ ಒಣಗುತ್ತದೆ. ಪಶ್ಚಿಮಘಟ್ಟ ದಾಟಿ ಇಳಿಯುವ ಮುಂಗಾರು ಗಾಳಿ ಬಯಲುಸೀಮೆಯನ್ನು ಮಳೆನೆರಳಿನಲ್ಲಿ ಇರಿಸುವುದರ ಹಿಂದಿರುವುದೂ ಇದೇ ಭೌತಿಕ ನಿಯಮ. ಇಂಥ ಗಾಳಿ ರಾತ್ರಿ ಹೊತ್ತಿನಲ್ಲಿ, ಅದರಲ್ಲೂ ಗುಡ್ಡದ ಮೇಲ್ಭಾಗಗಳಲ್ಲಿ, ಇನ್ನಷ್ಟು ಜೋರಾಗುವುದುಂಟು. ಆದ್ದರಿಂದ "ಕತ್ತಲಾಯಿತು, ತಂಪಾಯಿತು, ಇನ್ನು ಭಯವಿಲ್ಲ" ಎಂಬ ಊರಿನ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ.

ರಾಷ್ಟ್ರೀಯ ಹವಾಮಾನ ಸೇವೆಯು ಇದರ ಬಗ್ಗೆ ಎರಡು ಹಂತಗಳಲ್ಲಿ ತಿಳಿಸುತ್ತದೆ. ಅಪಾಯಕಾರಿ ಗಾಳಿ ಮತ್ತು ಒಣಹವೆ ಮುಂದಿನ ಒಂದೆರಡು ದಿನಗಳಲ್ಲಿ ಬರಬಹುದು ಎಂದಾಗ ಫೈರ್ ವೆದರ್ ವಾಚ್ ಹೊರಡುತ್ತದೆ. ಅದು ಬಂದೇಬಿಟ್ಟಿದೆ ಅಥವಾ ಬರುವುದು ಖಚಿತ ಎಂದಾಗ ರೆಡ್ ಫ್ಲ್ಯಾಗ್ ವಾರ್ನಿಂಗ್ ಹೊರಡುತ್ತದೆ. ಅತ್ಯಂತ ವಿರಳ ಸಂದರ್ಭಗಳಲ್ಲಿ, 2025ರ ಜನವರಿಯಲ್ಲಿ ಆದಂತೆ, ಅದಕ್ಕೆ "ವಿಶೇಷವಾಗಿ ಅಪಾಯಕಾರಿ ಸ್ಥಿತಿ" ಎಂಬ ಒಕ್ಕಣೆಯೂ ಸೇರುತ್ತದೆ. ರೆಡ್ ಫ್ಲ್ಯಾಗ್ ಎಂದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದರ್ಥವಲ್ಲ. ಇಂದು ಒಂದು ಕಿಡಿ ಬಿದ್ದರೆ ಅದನ್ನು ನಂದಿಸುವುದು ಯಾರ ಕೈಯಲ್ಲೂ ಇರಲಾರದು ಎಂದರ್ಥ. ಹಾಗಾಗಿ ಸಿದ್ಧತೆಗೆ ಸರಿಯಾದ ಸಮಯ ವಾಚ್ ಹೊರಟ ದಿನ. ವಾರ್ನಿಂಗ್ ಬಂದ ಮೇಲೆ ಮಾಡಬೇಕಾದ ಕೆಲಸಗಳು ಆದಷ್ಟು ಕಡಿಮೆ ಇರಬೇಕು.

ವಾರ್ನಿಂಗ್ ಇರುವ ದಿನ ಕಿಡಿ ಹಾರಿಸುವ ಯಾವ ಕೆಲಸವನ್ನೂ ಹೊರಗೆ ಮಾಡಬಾರದು: ಹಿತ್ತಲಿನಲ್ಲಿ ಗ್ರಿಲ್ ಹಚ್ಚುವುದು, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದು, ಯಂತ್ರದಿಂದ ಹುಲ್ಲು ಕತ್ತರಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. 2018ರ ಜುಲೈನಲ್ಲಿ ರೆಡ್ಡಿಂಗ್ ಪಟ್ಟಣದ ಬಳಿ ಟ್ರೇಲರ್ ಒಂದರ ಚಕ್ರದ ಗಾಳಿ ಹೋಗಿ ಅದರ ಲೋಹದ ರಿಮ್ ರಸ್ತೆಗೆ ಉಜ್ಜಿದಾಗ ಹಾರಿದ ಕಿಡಿಗಳಿಂದಲೇ ಕಾರ್ (Carr) ಫೈರ್ ಎಂಬ ಭಾರೀ ಬೆಂಕಿ ಶುರುವಾಯಿತು. ದೀಪಾವಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಪಟಾಕಿ ಅಲ್ಲಿನ ಎಷ್ಟೋ ಊರುಗಳಲ್ಲಿ ಹೇಗೂ ಕಾನೂನುಬಾಹಿರ. ಆದರೆ ರೆಡ್ ಫ್ಲ್ಯಾಗ್ ಇರುವ ಸಂಜೆ ಅಂಗಳದಲ್ಲಿ, ಮೆಟ್ಟಿಲುಗಳ ಮೇಲೆ ಎಣ್ಣೆಯ ಹಣತೆಗಳನ್ನು ಸಾಲಾಗಿ ಇಡುವುದೂ ಸಲ್ಲದು. ಅಂದು ಬ್ಯಾಟರಿ ದೀಪ ಹಚ್ಚಿದರೆ ಹಬ್ಬಕ್ಕೆ ಯಾವ ಕುಂದೂ ಬರುವುದಿಲ್ಲ.

ಮನೆಯ ಸುತ್ತಲಿನ ಐದು ಅಡಿ

ಜ್ವಾಲೆಯ ಗೋಡೆಯೊಂದು ನೇರವಾಗಿ ಬಂದು ಮನೆಯನ್ನು ಸುಡುತ್ತದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ನಿಜದಲ್ಲಿ ಹೆಚ್ಚಿನ ಮನೆಗಳು ಹೊತ್ತಿಕೊಳ್ಳುವುದು ಗಾಳಿಯಲ್ಲಿ ಹಾರಿಬರುವ ಕೆಂಡಗಳಿಂದ. ಅವು ಬೆಂಕಿಗಿಂತ ಒಂದು ಮೈಲಿ ಮುಂದಕ್ಕೂ ಹಾರಬಲ್ಲವು, ಮತ್ತು ಅವುಗಳಿಗೆ ಬೇಕಾದದ್ದು ಒಂದು ಹಿಡಿ ಒಣ ಕಸ ಮಾತ್ರ. ಆದ್ದರಿಂದ ಗೋಡೆಯಿಂದ ಮೊದಲ ಐದು ಅಡಿ ಜಾಗದಲ್ಲಿ ಉರಿಯುವಂಥದ್ದು ಏನೂ ಇರಬಾರದು ಎಂದು ರಾಜ್ಯದ ಅಗ್ನಿಶಾಮಕ ಇಲಾಖೆಯಾದ ಕ್ಯಾಲ್ ಫೈರ್ ಒತ್ತಿ ಹೇಳುತ್ತದೆ. ಜಾಗವಿರುವ ಕಡೆ ನೂರು ಅಡಿಯವರೆಗೆ ಗಿಡಗಂಟಿಗಳನ್ನು ತೆಳುವಾಗಿಸಬೇಕು ಎಂಬ ನಿಯಮವೂ ಅಪಾಯವಲಯಗಳಲ್ಲಿ ಇದೆ. ನೂರು ಅಡಿ ನಮ್ಮ ಕೈಯಲ್ಲಿ ಇಲ್ಲದಿದ್ದರೂ ಐದು ಅಡಿ ಎಲ್ಲರ ಕೈಯಲ್ಲೂ ಇರುತ್ತದೆ.

ಹಾಗಾದರೆ ಆ ಐದು ಅಡಿಯಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಮನೆಯ ಸುತ್ತ ನಡೆದು ನೋಡಿ. ಸೂರಿನಂಚಿನ ಗಟರಿನಲ್ಲಿ ತುಂಬಿದ ಒಣ ಎಲೆಗಳು, ಹೂಪಾತಿಯಲ್ಲಿ ಹರಡಿರುವ ಮರದ ತೊಗಟೆಯ ಚೂರುಗಳು, ಬಾಗಿಲ ಬಳಿ ಪೇರಿಸಿಟ್ಟ ರಟ್ಟಿನ ಡಬ್ಬಗಳು, ನಾರಿನ ಕಾಲೊರಸು, ಗೋಡೆಗೆ ತಾಗಿದ ಮರದ ಬೇಲಿ, ಹೊರಗಿನ ಕುರ್ಚಿಗಳ ಮೇಲಿನ ದಿಂಬುಗಳು ಕಾಣಸಿಗುತ್ತವೆ. ನಮ್ಮ ಮನೆಗಳಲ್ಲಿ ಇನ್ನೊಂದು ವಸ್ತುವೂ ಇರುತ್ತದೆ. ಗಣೇಶನ ಹಬ್ಬಕ್ಕೋ ನವರಾತ್ರಿಗೋ ಕಟ್ಟಿದ ಮಾವಿನೆಲೆಯ ತೋರಣ ಮತ್ತು ಚೆಂಡುಹೂವಿನ ಮಾಲೆ ಒಣಗಿ ಗರಿಗರಿಯಾದ ಮೇಲೂ ತಿಂಗಳುಗಟ್ಟಲೆ ಮುಂಬಾಗಿಲಲ್ಲಿ ತೂಗುತ್ತಿರುತ್ತವೆ, ಮತ್ತು ಅವು ಮರದ ಚೌಕಟ್ಟಿಗೆ ತಾಗಿಕೊಂಡಿರುವುದರಿಂದ ಒಂದು ಕೆಂಡ ಅವಕ್ಕೆ ಸಿಕ್ಕಿದರೂ ಸಾಕು. ಹಬ್ಬ ಮುಗಿದ ವಾರದೊಳಗೆ ಅವನ್ನು ತೆಗೆದುಬಿಡಿ. ಅಟ್ಟಕ್ಕೆ ಗಾಳಿಯಾಡಲು ಬಿಟ್ಟಿರುವ ಕಿಂಡಿಗಳಿಗೆ ಕಾಲಂಗುಲದ ಜಾಲರಿ ಇದ್ದರೆ ಅದರ ಬದಲು ಎಂಟನೇ ಒಂದು ಅಂಗುಲ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸುವುದು ಕಡಿಮೆ ಖರ್ಚಿನ ಕೆಲಸ, ಆದರೆ ಅದರಿಂದಾಗುವ ಪ್ರಯೋಜನ ದೊಡ್ಡದು. ಬಾಡಿಗೆ ಮನೆಯಲ್ಲಿರುವವರು ಗಟರ್ ಮತ್ತು ಜಾಲರಿಯ ವಿಷಯವನ್ನು ಮನೆಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು.

ಹೊರಡುವ ಸಿದ್ಧತೆ

ಹೊರಡುವ ಗಳಿಗೆಯಲ್ಲಿ ಏನು ತೆಗೆದುಕೊಳ್ಳಬೇಕೆಂದು ಯೋಚಿಸಲು ಕೂತರೆ ಸಮಯ ಕೈತಪ್ಪುತ್ತದೆ. ಆದ್ದರಿಂದ ಒಂದು ಚೀಲವನ್ನು ಮೊದಲೇ ತುಂಬಿಡಬೇಕು. ವಲಸೆ ಬಂದ ಕುಟುಂಬಕ್ಕೆ ಕಾಗದಪತ್ರಗಳೇ ಅತ್ಯಂತ ಮುಖ್ಯ, ಏಕೆಂದರೆ ಕಳೆದುಹೋದ ಪಾಸ್‌ಪೋರ್ಟ್, ವೀಸಾದ ಅನುಮೋದನಾ ಪತ್ರ, ಗ್ರೀನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಓಸಿಐ ಕಾರ್ಡ್, ಮದುವೆಯ ನೋಂದಣಿ ಪತ್ರಗಳನ್ನು ಮತ್ತೆ ಪಡೆಯಲು ಎರಡು ದೇಶಗಳ ಕಚೇರಿಗಳೊಡನೆ ತಿಂಗಳುಗಟ್ಟಲೆ ವ್ಯವಹರಿಸಬೇಕಾಗುತ್ತದೆ. ಅವೆಲ್ಲವೂ ಒಂದೇ ಲಕೋಟೆಯಲ್ಲಿರಲಿ, ಅವುಗಳ ಚಿತ್ರಗಳು ಮೊಬೈಲಿನ ಹೊರಗೂ ಎಲ್ಲಾದರೂ ಉಳಿದಿರಲಿ. ಔಷಧಿಗಳು, ವೈದ್ಯರ ಚೀಟಿ, ಕನ್ನಡಕ, ಪವರ್ ಬ್ಯಾಂಕ್, ಸ್ವಲ್ಪ ನಗದು, ನೀರು, ಒಂದೆರಡು ದಿನದ ಬಟ್ಟೆ, ಅವಲಕ್ಕಿ ಚಟ್ನಿಪುಡಿಯಂಥ ಬೇಯಿಸಬೇಕಿಲ್ಲದ ತಿನಿಸು ಇಷ್ಟಿದ್ದರೆ ಸಾಕು. ಚಿನ್ನದ ಒಡವೆಗಳು ಬ್ಯಾಂಕ್ ಲಾಕರಿನಲ್ಲಿರಲಿ. ಒಡವೆಗಾಗಿ ಅರ್ಧದಾರಿಯಿಂದ ಮನೆಗೆ ಮರಳುವ ಯೋಚನೆ ಯಾರಿಗೂ ಬರದಂತೆ ಮಾಡುವ ಏಕೈಕ ವಿಧಾನ ಅದು. ಮನೆಯ ಪ್ರತಿ ಕೋಣೆಯನ್ನೂ, ಕಪಾಟುಗಳ ಒಳಭಾಗವನ್ನೂ ಮೊಬೈಲಿನಲ್ಲಿ ಒಮ್ಮೆ ಚಿತ್ರೀಕರಿಸಿಟ್ಟುಕೊಂಡರೆ ವಿಮೆ ಕೇಳುವಾಗ ನೆರವಾಗುತ್ತದೆ. ಬಾಡಿಗೆದಾರರು ಬಾಡಿಗೆದಾರರ ವಿಮೆ ಮಾಡಿಸಿಕೊಂಡಿರಬೇಕು, ಏಕೆಂದರೆ ಮಾಲೀಕರ ವಿಮೆ ನಿಮ್ಮ ಸಾಮಾನುಗಳಿಗೆ ಅನ್ವಯಿಸುವುದಿಲ್ಲ.

ಗಾಳಿ ಜೋರಾಗಿರುವಾಗ ವಿದ್ಯುತ್ ತಂತಿಗಳಿಂದಲೇ ಬೆಂಕಿ ಹುಟ್ಟದಿರಲೆಂದು ಪಿಜಿ ಅಂಡ್ ಇ ಮೊದಲಾದ ಕಂಪನಿಗಳು ಕೆಲವು ಪ್ರದೇಶಗಳಿಗೆ ಮುಂಚಿತವಾಗಿಯೇ ಕರೆಂಟ್ ನಿಲ್ಲಿಸುತ್ತವೆ. 2019ರ ಅಕ್ಟೋಬರಿನಲ್ಲಿ ಲಕ್ಷಾಂತರ ಮನೆಗಳು ಹೀಗೆ ದಿನಗಟ್ಟಲೆ ಕತ್ತಲಲ್ಲಿದ್ದವು. ಗ್ಯಾರೇಜಿನ ಬಾಗಿಲನ್ನು ಕರೆಂಟಿಲ್ಲದೆ ಕೈಯಿಂದ ಎತ್ತುವುದು ಹೇಗೆಂದು ಮನೆಯ ಎಲ್ಲ ದೊಡ್ಡವರಿಗೂ ಗೊತ್ತಿರಬೇಕು. ಮೋಟರಿನಿಂದ ಇಳಿಬಿದ್ದ ಕೆಂಪು ಹಿಡಿಯ ಹಗ್ಗವನ್ನು ಎಳೆದು, ಅದನ್ನು ಬಿಡಿಸಿ, ಬಾಗಿಲನ್ನು ಮೇಲೆತ್ತಿ ಒಮ್ಮೆ ಅಭ್ಯಾಸ ಮಾಡಿಸಿ. ಪೆಟ್ರೋಲ್ ಕಾರಾದರೆ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ, ವಿದ್ಯುತ್ ಕಾರಾದರೆ ವಾಚ್ ಹೊರಟ ದಿನವೇ ಪೂರ್ತಿ ಚಾರ್ಜ್ ಮಾಡಿ. ಕಾರಿನ ಮೂತಿ ರಸ್ತೆಯ ಕಡೆಗಿರಲಿ. ಆಮ್ಲಜನಕದ ಯಂತ್ರವನ್ನು ಅಥವಾ ನಿದ್ರೆಯಲ್ಲಿ ಉಸಿರಾಟಕ್ಕೆ ನೆರವಾಗುವ ಯಂತ್ರವನ್ನು ಬಳಸುವವರು ಮನೆಯಲ್ಲಿದ್ದರೆ ವಿದ್ಯುತ್ ಕಂಪನಿಯ ಮೆಡಿಕಲ್ ಬೇಸ್‌ಲೈನ್ ಯೋಜನೆಗೆ ಹೆಸರು ಕೊಟ್ಟಿರಬೇಕು. ಕರೆಂಟ್ ತೆಗೆಯುವ ಮುನ್ನ ಕಂಪನಿ ಅಂಥವರಿಗೆ ಹೆಚ್ಚಿನ ಮುನ್ಸೂಚನೆ ನೀಡುತ್ತದೆ.

ಎಚ್ಚರಿಕೆಯ ಸಂದೇಶಗಳು ತಾವಾಗಿಯೇ ಬರುತ್ತವೆ ಎಂದು ನಂಬಿ ಕೂರಬಾರದು. ಪ್ರತಿ ಕೌಂಟಿಗೂ ತನ್ನದೇ ವ್ಯವಸ್ಥೆಯಿದೆ: ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಅಲರ್ಟ್ ಎಸ್‌ಸಿಸಿ, ಅಲಮೀಡಾ ಕೌಂಟಿಯಲ್ಲಿ ಎಸಿ ಅಲರ್ಟ್. ಅವುಗಳಲ್ಲಿ ನಿಮ್ಮ ಸಂಖ್ಯೆಯ ಜೊತೆಗೆ ಮನೆಯಲ್ಲಿರುವ ಪ್ರತಿಯೊಬ್ಬ ಹಿರಿಯರ ಸಂಖ್ಯೆಯನ್ನೂ ನೋಂದಾಯಿಸಿ. ಹಲವು ಕೌಂಟಿಗಳು ಊರನ್ನು ಸಣ್ಣ ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿವೆ. ತೆರವಿನ ಸೂಚನೆ ಬರುವುದು ಆ ಸಂಖ್ಯೆಯ ಹೆಸರಿನಲ್ಲಿಯೇ ಆದ್ದರಿಂದ ನಿಮ್ಮ ವಲಯದ ಸಂಖ್ಯೆಯನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಬೆಂಕಿಯ ನೆಲೆಯನ್ನು ನಕ್ಷೆಯಲ್ಲಿ ತೋರಿಸುವ ವಾಚ್ ಡ್ಯೂಟಿ ಎಂಬ ಆ್ಯಪ್ ಕೂಡ ತುಂಬ ಉಪಯುಕ್ತ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ್ದನ್ನು ಮುಂದಕ್ಕೆ ಕಳಿಸುವ ಮೊದಲು ಕೌಂಟಿಯ ಪುಟದಲ್ಲಿ ಅದು ಇದೆಯೇ ಎಂದು ನೋಡುವುದು ಎಲ್ಲರ ಹೊಣೆ.

ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರು

ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಜೊತೆ ಆರು ತಿಂಗಳು ಕಳೆಯಲೋ ಬಂದ ಹಿರಿಯರು ಹಗಲಿಡೀ ಮನೆಯಲ್ಲಿ ಒಂಟಿಯಾಗಿರುತ್ತಾರೆ. ಕಾರು ಓಡಿಸಲಾರರು, ನೆರೆಯವರ ಪರಿಚಯ ಇರುವುದಿಲ್ಲ, ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ಅವಸರವಾಗಿ ಹೇಳಿದ ಮಾತು ಅರ್ಥವಾಗದೆ ಹೋಗಬಹುದು. ಪ್ಯಾರಡೈಸ್‌ನಲ್ಲಿ ಸತ್ತವರ ವಯಸ್ಸನ್ನು ನೆನೆದಾಗ ಈ ವಿಷಯದಲ್ಲಿ ಯಾವ ಸಂಕೋಚವೂ ಸಲ್ಲದು ಎನಿಸುತ್ತದೆ. ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಅದರ ಉಚ್ಚಾರಣೆಯನ್ನು ಕನ್ನಡದಲ್ಲೂ ಬರೆದಿಡಿ. ತುರ್ತಿಗೆ 911 ಎಂದು ಒತ್ತಿ, ಮೊದಲು ವಿಳಾಸ ಹೇಳಿ, ಆಮೇಲೆ ಬೆಂಕಿ ಎಂದು ಹೇಳಬೇಕೆಂದು ತಿಳಿಸಿ. ಪಕ್ಕದ ಮನೆಯವರೊಬ್ಬರಿಗೆ ಅವರನ್ನು ಖುದ್ದಾಗಿ ಪರಿಚಯಿಸಿ, ತೆರವಿನ ಹೊತ್ತಿನಲ್ಲಿ ಇವರನ್ನೂ ಕಾರಿನಲ್ಲಿ ಕರೆದೊಯ್ಯುವಂತೆ ಕೇಳಿಕೊಳ್ಳಿ. ಯಾರೂ ಇಲ್ಲ ಎನ್ನುವುದಾದರೆ, ಗುಡ್ಡದ ಅಂಚಿನಲ್ಲಿ ನಿಮ್ಮ ಮನೆಯಿದ್ದು ರೆಡ್ ಫ್ಲ್ಯಾಗ್ ಇರುವ ದಿನ, ಅವರನ್ನು ಬೆಳಿಗ್ಗೆಯೇ ಬಯಲಿನ ಊರಿನ ಸ್ನೇಹಿತರ ಮನೆಯಲ್ಲೋ ಗ್ರಂಥಾಲಯದಲ್ಲೋ ಬಿಟ್ಟು ಕಚೇರಿಗೆ ಹೋಗುವುದು ಅತಿಯಾದ ಕಾಳಜಿಯೇನಲ್ಲ.

ಬೆಂಕಿ ಹತ್ತಿರವಾದಾಗ

ತೆರವಿನ ಸೂಚನೆಗಳಲ್ಲಿ ಎರಡು ಬಗೆ. ತೆರವಿನ ವಾರ್ನಿಂಗ್ (ಇದು ಮೇಲೆ ಹೇಳಿದ ರೆಡ್ ಫ್ಲ್ಯಾಗ್ ವಾರ್ನಿಂಗ್ ಅಲ್ಲ) ಎಂದರೆ ಅಪಾಯ ಬರಬಹುದು, ಸಿದ್ಧರಾಗಿ ಎಂದರ್ಥ. ಹಿರಿಯರು, ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳು ಇರುವ ಮನೆಯವರು ಇದೇ ಹಂತದಲ್ಲಿ ಹೊರಡಬೇಕು. ಆರ್ಡರ್ ಎಂದರೆ ಪ್ರಾಣಕ್ಕೆ ಅಪಾಯ ಎದುರಾಗಿದೆ, ಈಗಲೇ ಹೊರಡಿ ಎಂಬ ಕಾನೂನುಬದ್ಧ ಆದೇಶ. ಆದರೆ ಆದೇಶಕ್ಕಾಗಿ ಕಾಯಲೇಬೇಕೆಂದಿಲ್ಲ. ಈಟನ್ ಬೆಂಕಿಯ ರಾತ್ರಿ ಲಾಸ್ ಏಂಜಲಿಸ್ ಬಳಿಯ ಆಲ್ಟಡೀನಾದ ಪಶ್ಚಿಮ ಭಾಗಕ್ಕೆ ತೆರವಿನ ಆದೇಶ ಹೊರಟದ್ದು ಬೆಂಕಿ ಶುರುವಾಗಿ ಎಷ್ಟೋ ಗಂಟೆಗಳ ನಂತರ, ಮತ್ತು ಆ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಆ ಭಾಗದವರೇ. ಕೆಂಡಗಳು ಅಂಗಳಕ್ಕೆ ಬೀಳುತ್ತಿದ್ದರೆ, ಜ್ವಾಲೆ ಕಣ್ಣಿಗೆ ಕಾಣುತ್ತಿದ್ದರೆ, ಗಾಳಿ ಆ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರೆ ಫೋನ್ ಮೊಳಗಲಿಲ್ಲ ಎಂಬುದು ಉಳಿಯಲು ಕಾರಣವಾಗಬಾರದು.

ಬೇಗ ಹೊರಡಬೇಕೆನ್ನುವುದಕ್ಕೆ ಮುಖ್ಯ ಕಾರಣ ರಸ್ತೆ. 1991ರ ಅಕ್ಟೋಬರ್ 20ರಂದು ಓಕ್ಲೆಂಡ್ ಗುಡ್ಡಗಳಲ್ಲಿ 25 ಮಂದಿ ಸತ್ತಾಗ, ಅವರಲ್ಲಿ ಹಲವರು ಕಿರಿದಾದ ತಿರುವು ರಸ್ತೆಗಳಲ್ಲಿ ಹೊರಗೆ ಹೋಗಲಾರದೆ ಸಿಕ್ಕಿಬಿದ್ದಿದ್ದರು. 2025ರಲ್ಲಿ ಪ್ಯಾಲಿಸೇಡ್ಸ್‌ನಲ್ಲಿ ಜನ ರಸ್ತೆಯ ನಡುವೆಯೇ ಬಿಟ್ಟುಹೋದ ಕಾರುಗಳನ್ನು ಬುಲ್ಡೋಜರಿನಿಂದ ಪಕ್ಕಕ್ಕೆ ತಳ್ಳಿ ಅಗ್ನಿಶಾಮಕ ವಾಹನಗಳಿಗೆ ದಾರಿ ಮಾಡಬೇಕಾಯಿತು. ಮನೆಯಿಂದ ಹೊರಹೋಗುವ ಕನಿಷ್ಠ ಎರಡು ದಾರಿಗಳನ್ನು ಹಗಲಿನಲ್ಲಿ ಒಮ್ಮೆ ಓಡಿಸಿ ನೋಡಿಟ್ಟುಕೊಳ್ಳಿ. ಹೊಗೆಯ ಕತ್ತಲಲ್ಲಿ ನಕ್ಷೆಯ ಆ್ಯಪ್ ಹೇಳುವ ಹತ್ತಿರದ ದಾರಿ ಬೆಂಕಿಯ ಕಡೆಗೇ ಹೋಗುತ್ತಿರಬಹುದು. ಮನೆಯಲ್ಲಿ ಎರಡು ಕಾರುಗಳಿದ್ದರೂ ಒಂದರಲ್ಲೇ ಎಲ್ಲರೂ ಹೋಗಿ. ಕುಟುಂಬ ಚದುರಿದ್ದರೆ ಎಲ್ಲಿ ಸೇರಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಹೊರಡುವಾಗ ಹತ್ತಿಯ ತುಂಬುತೋಳಿನ ಅಂಗಿ, ಪೂರ್ತಿ ಪ್ಯಾಂಟ್, ಶೂ ಹಾಕಿಕೊಳ್ಳಿ. ಪಾಲಿಯೆಸ್ಟರ್ ಸೀರೆ, ನೈಲಾನ್ ನೈಟಿ, ಚಪ್ಪಲಿ ಬೇಡ; ಕೃತಕ ನೂಲಿನ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸಮಯವಿದ್ದರೆ ಮಾತ್ರ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಆದರೆ ಅಗ್ನಿಶಾಮಕರು ಒಳಗೆ ಬರಲಾಗುವಂತೆ ಬೀಗ ಹಾಕದೆ ಬಿಡಿ. ಹೊಗೆಯಲ್ಲೂ ಮನೆ ಕಾಣುವಂತೆ ದೀಪಗಳನ್ನು ಉರಿಯಲು ಬಿಡಿ. ಹೊರಗಿನ ದಿಂಬು ಕುರ್ಚಿಗಳನ್ನು ಒಳಗಿಡಿ, ಏಸಿ ಆರಿಸಿ. ತೋಟದ ನೀರಿನ ಚಿಲುಮೆಗಳನ್ನು ಬಿಟ್ಟುಹೋದರೆ ಮನೆ ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಆದರೆ ಅದರಿಂದ ಬೆಂಕಿ ನಂದಿಸುವವರಿಗೆ ಬೇಕಾದ ನೀರಿನ ಒತ್ತಡ ಕುಗ್ಗುತ್ತದೆ. ದೇವರ ಮನೆಯ ದೀಪವನ್ನು ಆರಿಸಿಯೇ ಹೊರಡಬೇಕು.

ಎಲ್ಲ ದಾರಿಯೂ ಮುಚ್ಚಿ ಕಾರಿನಲ್ಲಿ ಸಿಕ್ಕಿಬಿದ್ದರೆ ಗಿಡಮರಗಳಿಂದ ಆದಷ್ಟು ದೂರದ ಬರಿದಾದ ಜಾಗದಲ್ಲಿ ನಿಲ್ಲಿಸಿ, ಗಾಜುಗಳನ್ನೂ ಗಾಳಿಕಿಂಡಿಗಳನ್ನೂ ಮುಚ್ಚಿ, ಕಾರಿನ ನೆಲದ ಮೇಲೆ ಮಲಗಿ ಉಣ್ಣೆಯ ಕಂಬಳಿ ಹೊದ್ದುಕೊಳ್ಳಿ, 911ಕ್ಕೆ ನೀವಿರುವ ಜಾಗ ತಿಳಿಸಿ. ನಮ್ಮ ಕುರಿಯುಣ್ಣೆಯ ಕಂಬಳಿಯೊಂದನ್ನು ಕಾರಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು; ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

ಹೊಗೆ ಮಾತ್ರ ಬಂದಾಗ

ಹೆಚ್ಚಿನ ಓದುಗರು ಎದುರಿಸುವುದು ಬೆಂಕಿಯನ್ನಲ್ಲ, ಹೊಗೆಯನ್ನು. ಹೊಗೆಯಲ್ಲಿ ಅತ್ಯಂತ ಹಾನಿಕರವಾದದ್ದು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅವುಗಳಲ್ಲಿ ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಹೀಗಾಗಿ ಹೊಗೆಯ ದಿನಗಳಲ್ಲಿ ಕೆಮ್ಮು ಮತ್ತು ಉಬ್ಬಸದ ಜೊತೆಗೆ ಹೃದಯಾಘಾತದ ಅಪಾಯವೂ ಏರುತ್ತದೆ. ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರು, ಗರ್ಭಿಣಿಯರು ಮತ್ತು ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುವ ಮಕ್ಕಳು ಮೊದಲು ಬಳಲುತ್ತಾರೆ.

ಕಣ್ಣನ್ನಾಗಲಿ ಮೂಗನ್ನಾಗಲಿ ನಂಬಬೇಡಿ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಆಕಾಶ ಹಗಲಿಡೀ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಆದರೆ ಹೊಗೆ ಮೇಲ್ಮಟ್ಟದಲ್ಲಿದ್ದ ಕಾರಣ ನೆಲದ ಗಾಳಿ ಅಂದು ಅಷ್ಟು ಕೆಟ್ಟಿರಲಿಲ್ಲ. ಬಣ್ಣ ಸರಿಹೋದ ನಂತರದ ದಿನಗಳಲ್ಲಿ ಗಾಳಿ ಅದಕ್ಕಿಂತ ಬಹಳ ಕೆಟ್ಟಿತು. ಏರ್‌ನೌ ಎಂಬ ಸರ್ಕಾರಿ ತಾಣದ ಬೆಂಕಿ ಮತ್ತು ಹೊಗೆಯ ನಕ್ಷೆಯಲ್ಲಿ ನಿಮ್ಮ ಬೀದಿಯ ಹತ್ತಿರದ ಅಳತೆಯನ್ನು ನೋಡಿ. ವಾಯು ಗುಣಮಟ್ಟ ಸೂಚ್ಯಂಕ 100 ದಾಟಿದರೆ ಮೇಲೆ ಹೇಳಿದವರೆಲ್ಲ ಹೊರಗಿನ ಓಡಾಟ ಕಡಿಮೆ ಮಾಡಬೇಕು. 150 ದಾಟಿದರೆ ಎಲ್ಲರಿಗೂ ಹಾನಿ. 200 ದಾಟಿದರೆ ಅನಿವಾರ್ಯವಲ್ಲದೆ ಹೊರಗೆ ಹೋಗಬಾರದು. 300ರ ಮೇಲೆ ಸ್ಥಿತಿ ವಿಷಮ. ಇಲ್ಲಿ ಒಂದು ವಿಷಯವನ್ನು ಹಿರಿಯರಿಗೆ ವಿಶೇಷವಾಗಿ ತಿಳಿಸಬೇಕು. "ಬೆಂಗಳೂರಲ್ಲೂ ನೂರು ಇರುತ್ತದಲ್ಲ" ಎಂಬ ಮಾತು ಸರಿಯಲ್ಲ, ಏಕೆಂದರೆ ಭಾರತ ಮತ್ತು ಅಮೆರಿಕದ ಸೂಚ್ಯಂಕಗಳ ಅಳತೆಗೋಲುಗಳೇ ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಸೂಕ್ಷ್ಮಕಣಗಳಿದ್ದರೆ ಭಾರತದ ಸೂಚ್ಯಂಕ 100 ತೋರಿಸುತ್ತದೆ, ಅದೇ ಗಾಳಿಗೆ ಅಮೆರಿಕದ ಸೂಚ್ಯಂಕ 150 ದಾಟುತ್ತದೆ.

ಮನೆಯಿಡೀ ಶುದ್ಧ ಗಾಳಿ ಇರಿಸಿಕೊಳ್ಳುವುದು ಕಷ್ಟ, ಆದ್ದರಿಂದ ಒಂದು ಕೋಣೆಯನ್ನು ಆರಿಸಿಕೊಳ್ಳಿ. ಎಲ್ಲರೂ ಮಲಗಬಹುದಾದ, ಕಿಟಕಿಗಳು ಕಡಿಮೆ ಇರುವ, ಜೊತೆಗೇ ಬಚ್ಚಲು ಇರುವ ಕೋಣೆ ಉತ್ತಮ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಒತ್ತರಿಸಿ, ಅಲ್ಲಿ ಸೂಕ್ಷ್ಮಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಹಗಲುರಾತ್ರಿ ಓಡಲಿ. ಕೊಳ್ಳುವಾಗ ಅದರ ಪೆಟ್ಟಿಗೆಯ ಮೇಲೆ ಹೊಗೆಗೆ ಸಂಬಂಧಿಸಿದ ಸಿಎಡಿಆರ್ (ಯಂತ್ರ ಎಷ್ಟು ಬೇಗ ಶುದ್ಧ ಗಾಳಿ ಕೊಡುತ್ತದೆ ಎಂಬ ಅಳತೆ) ಸಂಖ್ಯೆಯನ್ನು ನೋಡಿ; ಕಾಡ್ಗಿಚ್ಚಿನ ಹೊಗೆಗೆ ಅದು ಕೋಣೆಯ ಚದರಡಿಯಷ್ಟಾದರೂ ಇರಬೇಕು. ಓಜೋನ್ ಹೊರಬಿಡುವ ಯಂತ್ರಗಳನ್ನು ಕೊಳ್ಳಲೇಬೇಡಿ. ಪ್ಯೂರಿಫೈಯರ್ ಅಂಗಡಿಗಳಲ್ಲಿ ಹೊಗೆ ಬಂದ ಎರಡನೆಯ ದಿನವೇ ಖಾಲಿಯಾಗುತ್ತದೆ, ಆಗ ಮನೆಯಲ್ಲೇ ಒಂದನ್ನು ಕಟ್ಟಬಹುದು. 20 ಅಂಗುಲದ ಚೌಕ ಬಾಕ್ಸ್ ಫ್ಯಾನ್ ಒಂದು, ಅದೇ ಅಳತೆಯ ಮರ್ವ್ 13 (ಮರ್ವ್ ಎಂದರೆ ಫಿಲ್ಟರಿನ ಸೋಸುವ ಶಕ್ತಿಯ ದರ್ಜೆ) ಫಿಲ್ಟರುಗಳು ನಾಲ್ಕು, ಒಂದು ರಟ್ಟು ಮತ್ತು ಅಗಲವಾದ ಟೇಪ್ ಬೇಕು. ಫಿಲ್ಟರುಗಳನ್ನು ನಾಲ್ಕು ಗೋಡೆಗಳಂತೆ ನಿಲ್ಲಿಸಿ, ಅವುಗಳ ಮೇಲಿನ ಬಾಣದ ಗುರುತು ಒಳಮುಖವಾಗಿರುವಂತೆ ಟೇಪಿನಿಂದ ಅಂಟಿಸಿ, ತಳಕ್ಕೆ ರಟ್ಟು ಹಾಕಿ, ಫ್ಯಾನನ್ನು ಗಾಳಿ ಮೇಲಕ್ಕೆ ಹೊಮ್ಮುವಂತೆ ಮೇಲಿಟ್ಟು ಸಂದಿಗಳನ್ನೆಲ್ಲ ಮುಚ್ಚಿ. 2012ರ ನಂತರ ತಯಾರಾದ, ಪ್ಲಗ್ಗಿನಲ್ಲಿ ಫ್ಯೂಸ್ ಇರುವ ಫ್ಯಾನನ್ನೇ ಬಳಸಿ, ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸಬೇಡಿ.

ಮನೆಯೊಳಗೆ ಹೊಸ ಹೊಗೆ ಹುಟ್ಟದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ, ಮತ್ತು ಇದು ನಮ್ಮ ಅಡುಗೆಮನೆಗೂ ದೇವರ ಮನೆಗೂ ನೇರವಾಗಿ ಸಂಬಂಧಿಸಿದ ಮಾತು. ಊದುಬತ್ತಿ, ಕರ್ಪೂರ, ಸಾಂಬ್ರಾಣಿ, ಎಣ್ಣೆದೀಪ ಎಲ್ಲವೂ ಅದೇ ಸೂಕ್ಷ್ಮಕಣಗಳನ್ನು ಹೊರಬಿಡುತ್ತವೆ. ಒಣಮೆಣಸಿನಕಾಯಿಯ ಒಗ್ಗರಣೆ, ಪೂರಿ, ಬಜ್ಜಿ, ಕಾವಲಿಯ ಮೇಲಿನ ದೋಸೆಗಳೂ ಹಾಗೆಯೇ. ಒಲೆಯ ಮೇಲಿನ ಎಕ್ಸಾಸ್ಟ್ ಹಾಕಿದರಾಯಿತು ಎನ್ನುವಂತಿಲ್ಲ. ಅದು ಒಳಗಿನ ಗಾಳಿಯನ್ನು ಹೊರಹಾಕಿದಷ್ಟೂ ಹೊರಗಿನ ಹೊಗೆ ಸಂದಿಗಳಿಂದ ಒಳಬರುತ್ತದೆ. ಆ ದಿನಗಳಿಗೆ ಕುಕ್ಕರಿನ ಅನ್ನ, ಬೇಳೆ, ಮೊಸರನ್ನ, ಇಡ್ಲಿ, ನೆನೆಸಿದ ಅವಲಕ್ಕಿ ಸೂಕ್ತ. ಪೂಜೆಗೆ ಹೂವು, ಅರಿಶಿನ ಕುಂಕುಮ, ನೈವೇದ್ಯ ಸಾಕು. ಇದನ್ನು ಅಮ್ಮನಿಗಾಗಲಿ ಅತ್ತೆಗಾಗಲಿ ಹೇಳಲು ಹಿಂಜರಿಯುವವರಿದ್ದಾರೆ. ಪಕ್ಕದಲ್ಲೇ ಮಲಗಿರುವ ಮಗುವಿನ ಉಸಿರಿನ ವಿಷಯವೆಂದು ವಿವರಿಸಿದರೆ ಅವರು ಖಂಡಿತ ಒಪ್ಪುತ್ತಾರೆ.

ಮನೆಗೆ ಕೇಂದ್ರೀಯ ಏಸಿ ಇದ್ದರೆ ಅದರ ಫಿಲ್ಟರನ್ನು, ಯಂತ್ರ ತಡೆದುಕೊಳ್ಳುವುದಾದರೆ, ಮರ್ವ್ 13ಕ್ಕೆ ಬದಲಿಸಿ. ಹೊರಗಿನ ಗಾಳಿಯ ಕಿಂಡಿಯನ್ನು ಮುಚ್ಚಿ, ಫ್ಯಾನನ್ನು ನಿರಂತರವಾಗಿ ಓಡಿಸಿ. ಏಸಿ ಇಲ್ಲದ ಮನೆಯಲ್ಲಿ ಸೆಪ್ಟೆಂಬರಿನ ಸೆಕೆ ಮತ್ತು ಹೊಗೆ ಒಟ್ಟಿಗೆ ಬಂದರೆ ಕಿಟಕಿ ಮುಚ್ಚಿ ಕೂರುವುದು ಹಿರಿಯರಿಗೆ ಅಪಾಯಕಾರಿ. ಆಗ ಗ್ರಂಥಾಲಯ, ಮಾಲ್ ಅಥವಾ ನಗರಾಡಳಿತ ತೆರೆಯುವ ತಂಪು ಕೇಂದ್ರಕ್ಕೆ ಅವರನ್ನು ಕರೆದೊಯ್ಯಿರಿ. ಕಾರಿನಲ್ಲಿ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಒತ್ತಿರಬೇಕು.

ಹೊರಗೆ ಹೋಗಲೇಬೇಕಾದವರಿಗೆ ಎನ್-95 ಮುಖಗವಸು ಬೇಕು. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್, ಮೂಗಿಗೆ ಸುತ್ತಿದ ಒದ್ದೆ ದುಪಟ್ಟಾ ಅಥವಾ ಸೆರಗು ಸೂಕ್ಷ್ಮಕಣಗಳನ್ನು ತಡೆಯುವುದಿಲ್ಲ. ಎನ್-95ರ ಎರಡೂ ಪಟ್ಟಿಗಳನ್ನು ತಲೆಯ ಹಿಂದೆ ಹಾಕಿ, ಮೂಗಿನ ತಂತಿಯನ್ನು ಒತ್ತಿ, ಅಂಚಿನಿಂದ ಗಾಳಿ ಸೋರದಂತೆ ನೋಡಿ; ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಮಕ್ಕಳ ಮುಖಕ್ಕೆ ಅದು ದೊಡ್ಡದಾಗುವುದರಿಂದ ಮಕ್ಕಳ ಅಳತೆಯ ಕೆಎಫ್-94 ಸಿಕ್ಕಿದರೆ ಮೇಲು, ಆದರೆ ಮಕ್ಕಳನ್ನು ಒಳಗೇ ಇರಿಸುವುದು ಎಲ್ಲಕ್ಕಿಂತ ಮೇಲು. ಬೆಳಗಿನ ವಾಕಿಂಗ್, ಬೆಟ್ಟ ಹತ್ತುವುದು, ವಾರಾಂತ್ಯದ ಕ್ರಿಕೆಟ್ ಎಲ್ಲವನ್ನೂ ನಿಲ್ಲಿಸಿ. ಏದುಸಿರು ಬಿಡುವಾಗ ಒಳಹೋಗುವ ಹೊಗೆ ಹಲವು ಪಟ್ಟು ಹೆಚ್ಚುತ್ತದೆ.

ಎದೆನೋವು, ಮಾತಾಡಲಾಗದಷ್ಟು ಉಬ್ಬಸ, ತುಟಿ ಉಗುರುಗಳು ನೀಲಿಯಾಗುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು ಇವುಗಳಲ್ಲಿ ಯಾವುದು ಕಂಡರೂ 911ಕ್ಕೆ ಕರೆ ಮಾಡಿ. ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರು ಮಕ್ಕಳಿಗೆ ಖರ್ಚಾಗುತ್ತದೆಂದು ನೋವನ್ನು ಮುಚ್ಚಿಡುತ್ತಾರೆ. 1986ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳು, ರೋಗಿಯ ಬಳಿ ವಿಮೆಯಿರಲಿ ಇಲ್ಲದಿರಲಿ, ಮೊದಲು ತಪಾಸಣೆ ಮಾಡಿ ಪ್ರಾಣಾಪಾಯದಿಂದ ಪಾರು ಮಾಡಲೇಬೇಕು. ಹಣದ ಮಾತು ಆಮೇಲಿನದು. ಬಂದ ಮೊದಲ ವಾರವೇ ಅವರಿಗೆ ಇದನ್ನು ತಿಳಿಸಿ.

ಮರಳಿ ಬಂದ ಮೇಲೆ

ತೆರವಾದ ಪ್ರದೇಶಕ್ಕೆ ಅಧಿಕಾರಿಗಳು ಅನುಮತಿ ಕೊಟ್ಟ ಮೇಲೆಯೇ ಮರಳಬೇಕು. ಬೂದಿಯನ್ನು ಒಣಗಿದ್ದಾಗ ಗುಡಿಸಬೇಡಿ, ಊದುವ ಯಂತ್ರವನ್ನಂತೂ ಬಳಸಲೇಬೇಡಿ. ನೀರು ಚಿಮುಕಿಸಿ, ಎನ್-95 ಮತ್ತು ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಸುಟ್ಟ ಮನೆಗಳ ಬೂದಿಯಲ್ಲಿ ಸೀಸ, ಕಲ್ನಾರಿನಂಥ ವಿಷವಸ್ತುಗಳಿರುವುದರಿಂದ ಮಕ್ಕಳನ್ನು ಅದರ ಹತ್ತಿರ ಬಿಡಬಾರದು. 2017ರಲ್ಲಿ ಸ್ಯಾಂಟಾ ರೋಸಾದಲ್ಲೂ 2018ರಲ್ಲಿ ಪ್ಯಾರಡೈಸ್‌ನಲ್ಲೂ ಬೆಂಕಿಯ ನಂತರ ನಲ್ಲಿನೀರಿನಲ್ಲಿ ಬೆಂಜೀನ್ ಕಂಡುಬಂದಿತ್ತು, ಮತ್ತು ಅಂಥ ನೀರು ಕುದಿಸಿದರೆ ಶುದ್ಧವಾಗುವುದಿಲ್ಲ, ಬದಲಿಗೆ ಆವಿಯ ಮೂಲಕ ವಿಷ ಒಳಗಿನ ಗಾಳಿಗೆ ಸೇರುತ್ತದೆ. ನೀರು ಸರಬರಾಜು ಸಂಸ್ಥೆ ಸುರಕ್ಷಿತ ಎಂದು ಪ್ರಕಟಿಸುವವರೆಗೆ ಕುಡಿಯಲು, ಅಡುಗೆಗೆ ಬಾಟಲಿಯ ನೀರನ್ನೇ ಬಳಸಿ. ಆಫ್ ಮಾಡಿದ ಗ್ಯಾಸನ್ನು ನೀವೇ ತಿರುಗಿಸದೆ ಕಂಪನಿಯವರಿಂದಲೇ ಮತ್ತೆ ತೆರೆಸಿ. ಏಸಿ ಮತ್ತು ಪ್ಯೂರಿಫೈಯರುಗಳ ಫಿಲ್ಟರನ್ನು ಬದಲಿಸಿ, ಮುಂದಿನ ವರ್ಷದ ಬಳಕೆಗೆ ಒಂದು ಹೆಚ್ಚುವರಿ ಫಿಲ್ಟರನ್ನೂ ಒಂದು ಪೊಟ್ಟಣ ಎನ್-95 ಅನ್ನೂ ಅಲ್ಲಿನ ಚಳಿಗಾಲದ ಮಳೆಯ ದಿನಗಳಲ್ಲಿ, ಅಂಗಡಿಗಳಲ್ಲಿ ದಾಸ್ತಾನು ಧಾರಾಳವಾಗಿರುವಾಗಲೇ, ಕೊಂಡಿಡಿ.